ಇಮಾಟಿನಿಬ್ ಅಥವಾ ಡಾಸಾಟಿನಿಬ್: ಸಿಎಂಎಲ್‌ಗೆ ಯಾವುದು?

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಎಬಿಎಲ್ ಕೈನೇಸ್ (ಜೀವಕೋಶಕ್ಕೆ ಬೆಳೆಯುವ ಸಂದೇಶ ಕೊಡುವ ಕಿಣ್ವ) ಸದಾ ಚಾಲೂ ಇರುತ್ತದೆ. ಇಮಾಟಿನಿಬ್, ಡಾಸಾಟಿನಿಬ್ ಎರಡೂ ಮಾತ್ರೆಗಳು ಅದನ್ನೇ ತಡೆಯುತ್ತವೆ.

ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಪಡೆದ ಇಮಾಟಿನಿಬ್ ಹಳೆಯದು, ನಂಬಿಕಸ್ತ. ಕಣ್ಣಿನ ಸುತ್ತ ಊತ, ಸ್ನಾಯು ಸೆಳೆತ, ವಾಕರಿಕೆ ಕಾಡಬಹುದು. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು.

2006ರ ಡಾಸಾಟಿನಿಬ್ ಜಾಸ್ತಿ ಬಲದ್ದು, ಬೇಗ ಪರಿಣಾಮ ತೋರಿಸುತ್ತದೆ. ಆದರೆ ಶ್ವಾಸಕೋಶದ ಸುತ್ತ ನೀರು ತುಂಬುವ ಕಾಟ ಇದರಲ್ಲೇ ಹೆಚ್ಚು. ಅಸಿಡಿಟಿ ಮಾತ್ರೆ ತೆಗೆದುಕೊಂಡರೆ ಇದು ಸರಿಯಾಗಿ ಮೈಗೆ ಸೇರುವುದಿಲ್ಲ.

ಬೇಗ ಅಂದ್ರೆ ಹೆಚ್ಚು ಆಯಸ್ಸು ಅಂತಲ್ಲ. ಎರಡನ್ನೂ ಹೋಲಿಸಿದ ಪ್ರಯೋಗದಲ್ಲಿ 5 ವರ್ಷಕ್ಕೆ ಬದುಕುಳಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಶ್ವಾಸಕೋಶದ ತೊಂದರೆ ಇದ್ದವರಿಗೆ ಇಮಾಟಿನಿಬ್ಬೇ ವಾಸಿ ಅನ್ನಿಸುತ್ತದೆ. ರೋಗ ಉಲ್ಬಣಿಸುವ ರಿಸ್ಕ್ ಜಾಸ್ತಿ ಇದ್ದರೆ ಡಾಸಾಟಿನಿಬ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಟಿ315ಐ ಮ್ಯುಟೇಶನ್ (ಎಬಿಎಲ್ ಕೈನೇಸ್‌ನಲ್ಲಾಗುವ ಒಂದು ಬದಲಾವಣೆ) ಇದ್ದರೆ ಮಾತ್ರ ಎರಡೂ ನಾಟುವುದಿಲ್ಲ. ಪೊನಾಟಿನಿಬ್‌ನಂಥ ಬೇರೆ ಔಷಧಿಯೇ ಬೇಕು.