ಹಕ್ಕಿ ವೀಕ್ಷಣೆ, ಕಸ ಹೆಕ್ಕುವ ನಡಿಗೆ, ದೇಸಿ ಗಿಡ: ಬಿಡುವಿನ ಎರಡು ಗಂಟೆಗೆ ಯಾವುದು?

ವಾರಕ್ಕೆ ಎರಡು ಗಂಟೆ ಬಿಡುವಿದೆ, ದೂರ ಹೋಗಲಾಗದು, ಈ ಮೂರರಲ್ಲಿ ಯಾವುದು ಸರಿ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪರಿಸ್ಥಿತಿಯನ್ನು ಅವಲಂಬಿಸಿದೆ.

ಖರ್ಚಿನಲ್ಲಿ ಕಸ ಹೆಕ್ಕುವುದೇ ಹಗುರ. ದಪ್ಪ ಕೈಗವಸು ಮತ್ತು ಚೀಲ ಸಾಕು. ಹಕ್ಕಿ ವೀಕ್ಷಣೆಗೆ ಎಂಟು ಪಟ್ಟು ಹಿಗ್ಗಿಸುವ ದುರ್ಬೀನು ಅನುಕೂಲವಾದರೂ, ಮೊದಲ ತಿಂಗಳುಗಳಲ್ಲಿ ಬರಿಗಣ್ಣು ಮತ್ತು ಕಿವಿಗಳನ್ನೇ ಪಳಗಿಸುವುದು ಲೇಸು. ಗಿಡಕ್ಕೆ ಹಣಕ್ಕಿಂತ ಹೆಚ್ಚಾಗಿ ಜಾಗ ಬೇಕು.

ಸಮಯದ ವಿಷಯದಲ್ಲಿ ಹಕ್ಕಿಗಳು ಮುಂಜಾನೆಯನ್ನು ಬೇಡುತ್ತವೆ, ಕಸ ಯಾವ ಹೊತ್ತಿಗಾದರೂ ಸಿಗುತ್ತದೆ, ಗಿಡವಂತೂ ಬೇರೂರುವವರೆಗೆ ಒಣ ದಿನಗಳಲ್ಲಿ ನೀರನ್ನು ತಪ್ಪಿಸಲು ಬಿಡುವುದಿಲ್ಲ.

ಪ್ರಕೃತಿಗೆ ಆಗುವ ಉಪಕಾರದಲ್ಲಿಯೇ ನಿಜವಾದ ವ್ಯತ್ಯಾಸವಿದೆ. ಕಸ ತೆಗೆದ ಫಲ ಅಂದೇ ಕಾಣುತ್ತದೆ, ಆದರೆ ಕಸ ಮರಳಿ ಬರುತ್ತದೆ. ತರಗೆಲೆ ಮತ್ತು ಕೊಳೆತ ಕೊರಡುಗಳನ್ನು ಕಸವೆಂದು ಎತ್ತಬಾರದು, ಅವು ಕೀಟಗಳ ಮನೆ. ಅನೇಕ ಚಿಟ್ಟೆಗಳ ಕಂಬಳಿಹುಳುಗಳು ಕೆಲವೇ ಜಾತಿಯ ಗಿಡಗಳನ್ನು ತಿನ್ನುವುದರಿಂದಲೂ, ಎಷ್ಟೋ ಹಕ್ಕಿಗಳು ಆ ಹುಳುಗಳನ್ನೇ ಮರಿಗಳಿಗೆ ಉಣಿಸುವುದರಿಂದಲೂ, ಆಯಾ ಪ್ರದೇಶದ ಗಿಡವೊಂದರ ಪ್ರಯೋಜನ ವರ್ಷಗಟ್ಟಲೆ ಉಳಿಯುತ್ತದೆ. ಹಕ್ಕಿ ವೀಕ್ಷಣೆಯು ಮುಖ್ಯವಾಗಿ ನಮ್ಮ ಸಂತೋಷ. 2002ರಲ್ಲಿ ಆರಂಭವಾದ ಇ-ಬರ್ಡ್‌ನಂತಹ ಹಕ್ಕಿ ದಾಖಲೆಯ ಜಾಲತಾಣದಲ್ಲಿ ಕಂಡದ್ದನ್ನು ದಾಖಲಿಸಿದರೆ ಮಾತ್ರ ಅದು ಸಂಶೋಧಕರಿಗೂ ನೆರವಾಗುತ್ತದೆ.

ಚುರುಕಾದ ಮಕ್ಕಳಿದ್ದರೆ, ಗಾಜು ಮತ್ತು ಸೂಜಿಗಳನ್ನು ಮುಟ್ಟದಂತೆ ಎಚ್ಚರಿಸಿ, ಕಸ ಹೆಕ್ಕುವ ನಡಿಗೆಗೆ ಹೊರಡಿ. ಒಬ್ಬರೇ ಇದ್ದು ಮೌನ ಬೇಕೆನಿಸಿದರೆ ಹಕ್ಕಿಗಳು, ಅದೂ ಗೂಡಿನಿಂದ ದೂರ ನಿಂತು. ಒಂದೇ ಮನೆಯಲ್ಲಿ ಬಹುಕಾಲ ನೆಲೆಸುವವರಿಗೆ ಗಿಡವನ್ನೇ ಸೂಚಿಸುತ್ತೇನೆ.