ಬೆಂಕಿ ಬಿತ್ತು, ಆರ್ ಒತ್ತಲೋ ಬೇಡವೋ? ಅಮಾಗಿ, ನಾರ್ತ್ ಕೆರೊಲಿನಾ ಹೋಲಿಕೆ

ವರ್ಲ್ಡ್ ಆಫ್ ವಾರ್‌ಶಿಪ್ಸ್ ಎಂಬ ಆನ್‌ಲೈನ್ ಯುದ್ಧನೌಕೆ ಆಟದಲ್ಲಿ ಎಂಟನೇ ಟಿಯರ್‌ನ (ದರ್ಜೆಯ) ಎರಡು ಬ್ಯಾಟಲ್‌ಶಿಪ್‌ಗಳನ್ನು ಕೆಲವು ಕಾಲ ಬದಲಿಸಿ ಬದಲಿಸಿ ಆಡಿದೆ: ಜಪಾನಿನ ಅಮಾಗಿ, ಅಮೆರಿಕದ ನಾರ್ತ್ ಕೆರೊಲಿನಾ. ಫಿರಂಗಿ, ಕವಚದ ಮಾತು ಬಿಡಿ. ಬೆಂಕಿ ಆರಿಸುವ ವಿಷಯದಲ್ಲಿ ಎರಡರ ಸ್ವಭಾವವೇ ಬೇರೆ.

ಬ್ಯಾಟಲ್‌ಶಿಪ್‌ಗೆ ಹತ್ತಿದ ಒಂದು ಬೆಂಕಿ ಸೆಕೆಂಡಿಗೆ ಒಟ್ಟು ಎಚ್‌ಪಿಯ (ಹಡಗಿನ ಜೀವಬಲದ) ಶೇ. 0.3 ತಿನ್ನುತ್ತದೆ. ಸುಮ್ನೆ ಬಿಟ್ಟರೆ 60 ಸೆಕೆಂಡ್ ಉರಿಯುತ್ತದೆ. ಅಲ್ಲಿಗೆ ಶೇ. 18 ಹೋಯಿತು. ಮೂತಿಗೊಂದು, ಬಾಲಕ್ಕೊಂದು, ನಡುವಿನ ಮೇಲ್ಕಟ್ಟಡಕ್ಕೆ ಎರಡು, ಹೀಗೆ ಒಟ್ಟಿಗೆ ನಾಲ್ಕು ಬೆಂಕಿ ಹತ್ತಬಹುದು.

ಆರ್ ಕೀ ಒತ್ತಿದರೆ ಡ್ಯಾಮೇಜ್ ಕಂಟ್ರೋಲ್ ತಂಡ ಎಲ್ಲವನ್ನೂ ಒಂದೇ ಸಲ ಆರಿಸುತ್ತದೆ. ತಂಡ ಕೆಲಸದಲ್ಲಿ ಇರುವಷ್ಟು ಹೊತ್ತು ಹೊಸ ಬೆಂಕಿ ಹತ್ತುವುದಿಲ್ಲ. ಈ ಹೊತ್ತು ಅಮಾಗಿಗೆ 10 ಸೆಕೆಂಡ್, ನಾರ್ತ್ ಕೆರೊಲಿನಾಗೆ 20. ಕಾಗದದ ಮೇಲೆ ಸಣ್ಣ ವ್ಯತ್ಯಾಸ, ಆಟದಲ್ಲಿ ದೊಡ್ಡದು. ಅಮಾಗಿಯಲ್ಲಿ ಆರ್ ಒತ್ತಿ ಉಸಿರು ಬಿಡುವಷ್ಟರಲ್ಲಿ ಎದುರಿನ ಕ್ರೂಸರ್‌ನ ಮುಂದಿನ ಸುತ್ತಿನ ಎಚ್‌ಇ (ಬೆಂಕಿ ಹಚ್ಚುವ ಸ್ಫೋಟಕ) ಗುಂಡು ಬಂದು ಬೀಳುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಆರ್ ಮತ್ತೆ ಸಿಗಲು ಒಂದು ನಿಮಿಷಕ್ಕೂ ಜಾಸ್ತಿ ಕಾಯಬೇಕು. ನಾರ್ತ್ ಕೆರೊಲಿನಾದಲ್ಲಿ ಆ 20 ಸೆಕೆಂಡಿನಲ್ಲಿ ಹಡಗನ್ನು ತಿರುಗಿಸಿ ದ್ವೀಪದ ಮರೆ ಸೇರಲು ಸಮಯ ಸಿಗುತ್ತದೆ.

ಇದರ ಹಿಂದೆ ಇತಿಹಾಸವೂ ಇದೆ ಅಂತ ನನಗೆ ಅನ್ನಿಸುತ್ತದೆ. 1944ರ ಜೂನ್‌ನಲ್ಲಿ ಜಪಾನಿನ ವಿಮಾನವಾಹಕ ನೌಕೆ ತೈಹೊಗೆ ಬಿದ್ದಿದ್ದು ಒಂದೇ ಟಾರ್ಪಿಡೊ. ಪೆಟ್ರೋಲ್ ಆವಿ ಹೊರಹೋಗಲಿ ಎಂದು ಗಾಳಿಯ ದಾರಿ ತೆರೆದರು, ಆವಿ ಹಡಗಿನ ತುಂಬ ಹರಡಿತು, ಆಮೇಲೆ ಸ್ಫೋಟ. ಅಮೆರಿಕದವರೂ 1942ರಲ್ಲಿ ತಮ್ಮ ವಿಮಾನವಾಹಕ ನೌಕೆ ಲೆಕ್ಸಿಂಗ್ಟನ್ ಅನ್ನು ಪೆಟ್ರೋಲ್ ಆವಿಯ ಸ್ಫೋಟದಿಂದಲೇ ಕಳೆದುಕೊಂಡವರು. ಆದರೆ ಅವರು ಆಮೇಲೆ ಈ ಕೆಲಸವನ್ನು ಚೆನ್ನಾಗಿ ಕಲಿತರು.

ಹಾಗಾದರೆ ಯಾವಾಗ ಒತ್ತಬೇಕು? ಅಮಾಗಿಯಲ್ಲಿ ಒಂದೇ ಬೆಂಕಿಗೆ ನಾನು ಒತ್ತುವುದಿಲ್ಲ. ಬೆಂಕಿ ತಿಂದ ಎಚ್‌ಪಿಯನ್ನು ರಿಪೇರಿ ತಂಡ (ಇದು ಆರ್‌ಗಿಂತ ಬೇರೆ, ಎಚ್‌ಪಿ ತುಂಬುವ ತಂಡ) ಪೂರ್ತಿ ವಾಪಸ್ ತರಬಲ್ಲದು, ಹಡಗಿನ ಒಡಲಿನ ಮರ್ಮಭಾಗವಾದ ಸಿಟಡೆಲ್‌ಗೆ ಬಿದ್ದ ಏಟನ್ನು ಹಾಗೆ ತರಲಾಗದು. ಹತ್ತಿರದಲ್ಲಿ ಡಿಸ್ಟ್ರಾಯರ್ ಇದ್ದರಂತೂ ಆರ್ ಅನ್ನು ಟಾರ್ಪಿಡೊಗೆ ಮೀಸಲಿಡಿ, ನೀರು ನುಗ್ಗಿದಾಗ ಬೇಕಾಗುತ್ತದೆ. ನಾರ್ತ್ ಕೆರೊಲಿನಾದಲ್ಲಿ ಇಷ್ಟು ಲೆಕ್ಕಾಚಾರ ಬೇಡ. ಎರಡು ಬೆಂಕಿ ಕಂಡರೆ ಒತ್ತಿ, ಮರೆಗೆ ಸರಿಯಿರಿ. ಒಂದು ವಿಷಯ ಎರಡಕ್ಕೂ ಅನ್ವಯ: ಉರಿಯುವ ಹಡಗು 2 ಕಿ.ಮೀ. ಹೆಚ್ಚು ದೂರಕ್ಕೆ ಕಾಣುತ್ತದೆ. ಶತ್ರುವಿನ ಕಣ್ಣು ತಪ್ಪಿಸುವ ಹೊತ್ತಿಗೆ ಒಂದು ಬೆಂಕಿಯೂ ಬೇಡ, ಆಗ ಅಮಾಗಿಯಲ್ಲೂ ಒತ್ತಿಬಿಡುತ್ತೇನೆ.

ಪಾಯಿಂಟ್ ಕೊಟ್ಟು ಕ್ಯಾಪ್ಟನ್‌ಗೆ ಕಲಿಸುವ ಕೌಶಲದಲ್ಲೂ ಆಯ್ಕೆ ಇದೆ. 'ಬೇಸಿಕ್ಸ್ ಆಫ್ ಸರ್ವೈವಬಿಲಿಟಿ' ಬೆಂಕಿ ಉರಿಯುವ ಸಮಯವನ್ನು ಶೇ. 15 ಇಳಿಸುತ್ತದೆ. 'ಫೈರ್ ಪ್ರಿವೆನ್ಷನ್' ಮೇಲ್ಕಟ್ಟಡದ ಎರಡನೇ ಬೆಂಕಿಯನ್ನೇ ಇಲ್ಲವಾಗಿಸುತ್ತದೆ, ಹೊತ್ತಿಕೊಳ್ಳುವ ಸಾಧ್ಯತೆಯನ್ನೂ ಕಡಿಮೆ ಮಾಡುತ್ತದೆ. ಪಾಯಿಂಟ್ ಜಾಸ್ತಿ ಕೇಳಿದರೂ ಅಮಾಗಿಗೆ ಮೊದಲು ಅದೇ. ನಾರ್ತ್ ಕೆರೊಲಿನಾಗೆ ಬೇಸಿಕ್ಸ್‌ನಿಂದ ಶುರು ಮಾಡಿದರೂ ನಡೆಯುತ್ತದೆ.