ಕೌದಿ ಹೊಲಿಗೆಯ ದಿಂಬಿನ ಗವಸು: ಬಾಯಿಗೆ ಜಿಪ್ಪೋ ಮಡಿಕೆಯೋ, ಅಂಚಿಗೆ ಪಟ್ಟಿಯೋ ಒಳಹೊಲಿಗೆಯೋ

ದಿಂಬಿನ ಗವಸಿಗೆ ಎಷ್ಟೇ ನೀಟಾಗಿ ಕೌದಿ ಹಾಕಿದ್ದರೂ ಅದು ಮೊದಲು ಕೈಕೊಡುವುದು ಅಂಚಿನಲ್ಲಿ, ಇಲ್ಲವೇ ಬಾಯಿಯಲ್ಲಿ. ಇಲ್ಲಿ ಹೋಲಿಸಿರುವ ಗವಸುಗಳೆಲ್ಲ 16 ಇಂಚಿನ ಚೌಕದ ದಿಂಬಿನವು. ಮೇಲೆ ಕಾಟನ್, ನಡುವೆ ತೆಳು ವ್ಯಾಡಿಂಗ್ (ಮೆತ್ತಗಿನ ತುಂಬು ಪದರ), ಅಡಿಗೆ ಮಲ್ ಬಟ್ಟೆಯ ಅಸ್ತರು. ಒಗೆದದ್ದು ದಾವಣಗೆರೆಯ ಗಡಸು ಬೋರ್ ನೀರಿನಲ್ಲಿ, ಒಗೆಯೋ ಕಲ್ಲಿನ ಮೇಲೆ. ವಾಷಿಂಗ್ ಮೆಷಿನ್ ಇರುವ ಮನೆಯಲ್ಲಿ ಫಲಿತಾಂಶ ಸ್ವಲ್ಪ ಬೇರೆಯಾದೀತು.

ಬಾಯಿ ಹೇಗಿರಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ, ಅಂಚು ಆಮೇಲೆ. ಎಷ್ಟೋ ಜನ ಅಂಚನ್ನೆಲ್ಲ ಮುಗಿಸಿ, ಕೊನೆಗೆ ಜಿಪ್ ಎಲ್ಲಿ ಕೂರಿಸೋಣ ಅಂತ ಯೋಚಿಸುತ್ತಾರೆ. ಅಷ್ಟು ಹೊತ್ತಿಗೆ ಜಾಗವೇ ಉಳಿದಿರುವುದಿಲ್ಲ. ಇನ್ನೊಂದು ಮಾತು: ಕೌದಿ ಹೊಲಿಯುತ್ತಿದ್ದಂತೆ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. 18 ಇಂಚಿನ ಚೌಕ ತೆಗೆದುಕೊಂಡು, ಹೊಲಿಗೆ ಮುಗಿದ ಮೇಲೆ 17ಕ್ಕೆ ಕತ್ತರಿಸಿ.

ದಿನಬಳಕೆಗೆ ನಮ್ಮ ಮತ ಮಡಿಕೆ ಬಾಯಿಗೆ, ಅಂದರೆ ಹಿಂಭಾಗದ ಎರಡು ತುಂಡು ಒಂದರ ಮೇಲೊಂದು ಬರುವ ಲಕೋಟೆ ಮಾದರಿಗೆ. ಹಿಂಭಾಗಕ್ಕೆ 17 × 12½ ಇಂಚಿನ ಎರಡು ತುಂಡು ಸಾಕು. ಒಂದೊಂದರ ಉದ್ದದ ಬದಿಯನ್ನು ಮೊದಲು ಅರ್ಧ ಇಂಚು, ಆಮೇಲೆ ಒಂದು ಇಂಚು ಮಡಿಸಿ ಹೊಲಿದರೆ 11 ಇಂಚು ಉಳಿಯುತ್ತದೆ. ಎರಡೂ ಸೇರಿ 22. 17ರ ಮೇಲೆ ಹಾಸಿದರೆ ನಡುವೆ 5 ಇಂಚು ಒಂದರ ಮೇಲೊಂದು ಬರುತ್ತದೆ. ಈ 5 ಇಂಚಿನಲ್ಲಿ ಜಿಪುಣತನ ಬೇಡ. 3 ಇಂಚು ಬಿಟ್ಟ ಗವಸು ದಿಂಬು ತುರುಕಿದ ಕೂಡಲೇ ಬಾಯಿ ಬಿಟ್ಟುಕೊಂಡು ಕೂತಿತು. ವ್ಯಾಡಿಂಗ್ ಒಳಗಿನ ಜಾಗವನ್ನೂ ತಿನ್ನುವುದರಿಂದ ದಿಂಬು ಬಿಗಿಯಾಗಿ ಹಿಂಭಾಗವನ್ನು ಎಳೆಯುತ್ತದೆ, ಅದೇ ಕಾರಣ. ಮಲಗುವ 17 × 27ರ ದಿಂಬಾದರೆ 7 ಇಂಚು ಬೇಕು. ಆಗ ಹಿಂದಿನ ತುಂಡುಗಳು 18 × 19.

ಜಿಪ್ ನೋಡಲು ಚೆಂದ, ಸೋಫಾ ದಿಂಬಿಗೆ ಹೇಳಿ ಮಾಡಿಸಿದ್ದು. ಆದರೆ ಅದನ್ನು ಅಂಚಿನ ಹೊಲಿಗೆಯೊಳಗೆ ಕೂರಿಸಲು ಹೋಗಬೇಡಿ. ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು ಆಗಿ ಜಿಪ್ ಅಲೆಅಲೆಯಾಗುತ್ತದೆ. ಹಿಂಭಾಗದ ತೆಳು ಬಟ್ಟೆಯಲ್ಲೇ, ಕೆಳಗಿನಿಂದ ಮೂರು ಇಂಚು ಮೇಲೆ ಇಡಿ. ಕೆಳತುಂಡು 17 × 4½, ಮೇಲ್ತುಂಡು 17 × 14½. ಒಂದು ಇಂಚು ಮಾರ್ಜಿನ್ ಬಿಟ್ಟು ಉದ್ದನೆಯ ಕಚ್ಚಾ ಹೊಲಿಗೆ ಹಾಕಿ, ಮಾರ್ಜಿನ್ ಬಿಡಿಸಿ ಇಸ್ತ್ರಿ ಮಾಡಿ, ಜಿಪ್ ಬೋರಲಾಗಿಟ್ಟು ಎರಡೂ ಬದಿ ಹೊಲಿದು, ಕಚ್ಚಾ ದಾರ ಬಿಚ್ಚಿ. ಮೀಟರ್ ಲೆಕ್ಕದಲ್ಲಿ ಸಿಗುವ ನೈಲಾನ್ ರನ್ನಿಂಗ್ ಜಿಪ್ಪೇ ಸರಿ. 18 ಇಂಚು ತೆಗೆದುಕೊಂಡರೆ ತುದಿಗಳ ಮೇಲೆಯೇ ಹೊಲಿಗೆ ಓಡಿಸಬಹುದು. ಲೋಹದ ಹಲ್ಲಿನದಾದರೆ ಸೂಜಿ ಮುರಿಯುತ್ತದೆ. ತುದಿ ಕತ್ತರಿಸುವ ಮೊದಲು ರನ್ನರ್, ಅಂದರೆ ಜಿಪ್ಪನ್ನು ಎಳೆಯುವ ತುಂಡು, ನಡುವೆ ಇದೆಯೇ, ಜಿಪ್ ಅರ್ಧ ತೆರೆದಿದೆಯೇ ಎಂದು ಎರಡು ಸಲ ನೋಡಿ. ರನ್ನರ್ ಹೊರಗಿದ್ದರೆ ಕಳಚಿ ಕೈಗೆ ಬರುತ್ತದೆ. ಜಿಪ್ ಮುಚ್ಚಿದ್ದರೆ ಗವಸನ್ನು ಮಗುಚುವ ದಾರಿಯೇ ಇಲ್ಲ, ಹೊಲಿಗೆ ಬಿಚ್ಚಬೇಕಷ್ಟೆ. ಕಲ್ಲಿನ ಮೇಲೆ ಬಡಿದಾಗ ಮೊದಲು ಕೆಟ್ಟದ್ದೂ ರನ್ನರೇ.

ಗುಂಡಿ ಹಾಕುವುದಾದರೆ ಕಾಜಾವನ್ನು ಕೌದಿಯ ಮೇಲೆ ಮಾಡಬೇಡಿ, ಕಾಜಾದ ಸೀಳಿನಿಂದ ವ್ಯಾಡಿಂಗ್ ಇಣುಕುತ್ತದೆ. ಗಟ್ಟಿ ನಿಲ್ಲಲು ಒಳಗೆ ಕ್ಯಾನ್ವಾಸ್ ಕೊಟ್ಟ ಹಿಂಬಟ್ಟೆಯ ಮೇಲಿರಲಿ, ಮೂರು ಗುಂಡಿ ಸಾಕು. ಕಲ್ಲಿನ ಪೆಟ್ಟಿಗೆ ಪ್ಲಾಸ್ಟಿಕ್ ಗುಂಡಿ ಸೀಳುತ್ತದೆ. ಅದರ ಬದಲು ಲಾಡಿ ಕಟ್ಟಿದರೆ ಒಡೆಯುವಂಥದ್ದು ಏನೂ ಇರುವುದಿಲ್ಲ. ವೆಲ್ಕ್ರೋ ಬೇಡವೇ ಬೇಡ, ಒಗೆಯುವಾಗ ಕೌದಿಯ ದಾರವನ್ನೇ ಕಿತ್ತು ಎಳೆಯುತ್ತದೆ.

ಇನ್ನು ಅಂಚು. ಒಳಹೊಲಿಗೆ ಬೇಗ ಮುಗಿಯುತ್ತದೆ: ಚೆಂದದ ಮಗ್ಗುಲು ಒಳಗೆ ಬರುವಂತೆ ಸೇರಿಸಿ ಅರ್ಧ ಇಂಚಿಗೆ ಹೊಲಿದು, ಮಾರ್ಜಿನ್ನಿನೊಳಗಿನ ವ್ಯಾಡಿಂಗನ್ನು ಹೊಲಿಗೆಯವರೆಗೂ ಕತ್ತರಿಸಿ ತೆಗೆದು, ಓವರ್‌ಲಾಕ್ ಅಥವಾ ಅಗಲವಾದ ಜಿಗ್‌ಜಾಗ್. ವ್ಯಾಡಿಂಗ್ ಬಿಟ್ಟರೆ ಅಂಚು ಹಗ್ಗದಂತೆ ಉಬ್ಬುತ್ತದೆ, ಒಣಗಲೂ ತಡ. ಸೀರೆಗೆ ಪೀಕೋ ಹಾಕುವ ಅಂಗಡಿಗೆ ಒಯ್ದು ಪ್ರಯೋಜನವಿಲ್ಲ. ಆ ಮೆಷಿನ್ ತೆಳು ಬಟ್ಟೆಯ ಅಂಚನ್ನು ಸುತ್ತುವಂಥದ್ದು. ಮೂಲೆ ನಾಯಿಯ ಕಿವಿಯಂತೆ ಚೂಪಾಗಿ ನಿಲ್ಲದಿರಲು, ಮೂಲೆಯಿಂದ 4 ಇಂಚು ದೂರದಿಂದ ಶುರುಮಾಡಿ ಮೂಲೆಗೆ ಬರುವಷ್ಟರಲ್ಲಿ ಅರ್ಧ ಇಂಚು ಒಳಗೆ ಬರುವಂತೆ ಓರೆಯಾಗಿ ಗೆರೆ ಎಳೆದು ಹೊಲಿಯಿರಿ.

ಮಡಿಕೆ ಬಾಯಿಯ ಗವಸಿಗೆ ಹೊರಪಟ್ಟಿ ಇನ್ನೂ ಒಳ್ಳೆಯ ಜೋಡಿ. ಮಗುಚುವ ಗೋಜಿಲ್ಲ, ಕಚ್ಚಾ ಅಂಚು ಪೂರ್ತಿ ಮುಚ್ಚಿಹೋಗುತ್ತದೆ. 2½ ಇಂಚು ಅಗಲದ ಪಟ್ಟಿಯನ್ನು ಎರಡಾಗಿ ಮಡಿಸಿ, ಮುಂಭಾಗಕ್ಕೆ ⅜ ಇಂಚಿನಲ್ಲಿ ಹೊಲಿದು ಹಿಂದಕ್ಕೆ ತಿರುಗಿಸಿ. ಹಳೇ ಸೀರೆಯ ನಾಲ್ಕೈದು ಪದರದ ಅಸಲಿ ಕೌದಿಯಾದರೆ 2¾ ತೆಗೆದುಕೊಳ್ಳಿ, ಇಲ್ಲವಾದರೆ ಪಟ್ಟಿ ಹಿಂದಿನ ಹೊಲಿಗೆಯನ್ನು ಮುಟ್ಟುವುದಿಲ್ಲ. ಸುತ್ತಳತೆ 68, ಮೂಲೆ ಮತ್ತು ಜೋಡಣೆಗೆ 12: ಒಟ್ಟು 80 ಇಂಚು. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಎರಡು ಪಟ್ಟಿ ಸಾಕು. ನೇರ ಅಂಚಿಗೆ ಓರೆಪಟ್ಟಿ ಬೇಕಿಲ್ಲ, ಮೂಲೆ ದುಂಡಗಿದ್ದರೆ ಮಾತ್ರ ಬೇಕು. ಮೂಲೆಗೆ ⅜ ಇಂಚು ಉಳಿದಾಗ ನಿಲ್ಲಿಸಿ, ಎರಡು ಹೊಲಿಗೆ ಹಿಂದಕ್ಕೆ ಹಾಕಿ, ದಾರ ಕತ್ತರಿಸಿ. ಪಟ್ಟಿಯನ್ನು ನೆಟ್ಟಗೆ ಮೇಲಕ್ಕೆ ಮಡಿಸಿದಾಗ 45 ಡಿಗ್ರಿಯ ಗೆರೆ ಕಾಣಬೇಕು. ಮತ್ತೆ ಕೆಳಕ್ಕೆ ಮಡಿಸಿ, ಅಂಚಿನಿಂದಲೇ ಹೊಸ ಹೊಲಿಗೆ ಶುರುಮಾಡಿ. ⅜ ಬಿಡದೆ ತುದಿಯವರೆಗೂ ಓಡಿಸಿದರೆ ಮೂಲೆಯ ಮಡಿಕೆ ತೆರೆಯುವುದೇ ಇಲ್ಲ.

ಕಷ್ಟದ ಜಾಗ ಇರುವುದು ಹಿಂದಿನ ಎರಡು ತುಂಡು ಒಂದರ ಮೇಲೊಂದು ಬಂದು ಪಟ್ಟಿಗೆ ಸೇರುವ ಕಡೆ. ಅಲ್ಲಿ ಮೆಷಿನ್ನಿನ ಪಾದ ದಿಬ್ಬ ಹತ್ತಿದಂತಾಗಿ ಹೊಲಿಗೆ ಬಿಟ್ಟುಹೋಗುತ್ತದೆ. 16 ನಂಬರಿನ ಸೂಜಿ, 3 ಮಿಲಿಮೀಟರ್ ಹೊಲಿಗೆ, ಪಾದದ ಹಿಂದೆ ಮಡಿಸಿದ ಬಟ್ಟೆಯ ತುಂಡು ಇಟ್ಟು, ಆ ಎರಡು ಇಂಚನ್ನು ಕೈಯಿಂದಲೇ ಚಕ್ರ ತಿರುಗಿಸಿ ದಾಟಿಸಿ.

ಪಟ್ಟಿಯ ಬಟ್ಟೆ ಬಗ್ಗೆ ಒಂದು ಎಚ್ಚರ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯಲ್ಲೂ ಈಗ ಕಾಟನ್ ಕೇಳಿದರೆ ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಕೈಗೆ ಬರುವುದುಂಟು. ಒಂದು ಎಳೆ ಸುಟ್ಟು ನೋಡಿ: ಹತ್ತಿಯಾದರೆ ಪುಡಿಬೂದಿ, ಪಾಲಿಯೆಸ್ಟರ್ ಬೆರೆತಿದ್ದರೆ ಗಟ್ಟಿ ಮಣಿ. ಅಸಲಿ ಕಾಟನ್ನಾದರೆ ನೆನೆಸಿ ಒಣಗಿಸಿಯೇ ಕತ್ತರಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪಟ್ಟಿ ಕುಗ್ಗಿ ಅಂಚು ಸುಕ್ಕುಗಟ್ಟುತ್ತದೆ. ಕಡುಗೆಂಪು ಪಟ್ಟಿಯಾದರೆ ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ ನೋಡಿ. ಕೆಂಪು ಹತ್ತಿದರೆ ಬಿಳಿ ಕೌದಿಗೆ ಅದನ್ನು ಕಟ್ಟಬೇಡಿ.